ಟ್ರೆಮೇನ್ ಬಿಲ್ಡಿಂಗಿಗೆ ಬಣ್ಣ

ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್ ಬಡಾವಣೆಯಲ್ಲಿ ಮಗಳು ನಿಲೋಫರ್ ಮನೆಯಲ್ಲಿ ಮೂರು ದಿನ ಇದ್ದು ವಾಪಸು ಬಂದವಳು, ಬಸ್ಸಿಳಿದು ನಮ್ಮ ಮನೆಯನ್ನೇ ದಾಟಿ ಮುಂದೆ ಹೋಗಿಬಿಟ್ಟೆ. ಹನ್ನೊಂದು ವರ್ಷ ಬದುಕಿದ ಮನೆ. ಪೋಸ್ಟಾಫೀಸಿನ ಹತ್ತಿರ ಬಂದಾಗ ಏನೋ ಎಡವಟ್ಟಾಗಿದೆ ಅನ್ನಿಸಿ ತಿರುಗಿ ನೋಡಿದೆ. ಬೀದಿಯ ನಡುವೆ ಒಂದು ಕಟ್ಟಡ ಕಡಲೆಹಿಟ್ಟು ಕಲಸಿ ಮೆತ್ತಿದ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು. ಅದರ ವೆರಾಂಡದ ತಗಡಿನ ಮೇಲೆ ಇಬ್ಬರು ಗಂಡಸರು ನಿಂತಿದ್ದರು. ಒಬ್ಬರು ನನ್ನ ಗಂಡ ಹಾರೂನ್. ಇನ್ನೊಬ್ಬರು ಅವರ ಗೆಳೆಯ ಭೀಮಸೇನ, ವಿಜಯಪುರದ ಕಡೆಯವರು, ಕ್ರೈಸ್ಟ್‌ಚರ್ಚಿನಲ್ಲಿ ಅಕೌಂಟೆಂಟು. ಇಬ್ಬರ ಕೈಯಲ್ಲೂ ಬಣ್ಣದ ರೋಲರ್.

“ಆಸಿಯಾ! ಹೆಂಗಿದೆ?” ಎಂದು ಹಾರೂನ್ ಮೇಲಿಂದಲೇ ಕೂಗಿದರು.

“ಭಾಭಿ, ಖರೇ ಹೇಳ್ರಿ, ಮದುವಿ ಮನಿ ಕಂಡಂಗ ಕಾಣ್ತೈತೋ ಇಲ್ಲೋ?” ಎಂದರು ಭೀಮಸೇನ.

ಕೈಯಲ್ಲಿದ್ದ ಚೀಲವನ್ನು ಫುಟ್‌ಪಾತಿನ ಮೇಲೆ ಇಟ್ಟೆ. ಮಾರನೆಯ ದಿನ ಬೆಳಿಗ್ಗೆ ಊರಿನ ಕೌನ್ಸಿಲ್‌ನ, ಹಳೆಯ ಕಟ್ಟಡಗಳನ್ನು ಕಾಯುವ ಹೆರಿಟೇಜ್ ಕಮಿಟಿಯವರು ಇದೇ ಗೋಡೆಯನ್ನು ನೋಡಲು ಬರುವವರಿದ್ದರು.

ಈ ಗೋಡೆಯ ಪುರಾಣವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ಕಟ್ಟಿಸಿದವನು ಟ್ರೆಮೇನ್ ಎಂಬ ಬಟ್ಟೆ ವ್ಯಾಪಾರಿ, ೧೯೦೯ರಲ್ಲಿ. ಹೆಸರು, ಇಸವಿ ಎರಡನ್ನೂ ಕಟ್ಟಡದ ನೆತ್ತಿಯ ಮೇಲೆ ಗಾರೆಯ ದಪ್ಪ ಅಕ್ಷರದಲ್ಲಿ ಮಾಡಿಸಿಕೊಂಡಿದ್ದಾನೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ಕೆಂಪು ಇಟ್ಟಿಗೆ, ನಡುನಡುವೆ ಓಮರೂ ಕಲ್ಲಿನ ಕೆನೆಬಣ್ಣದ ಪಟ್ಟಿ, ಮಹಡಿಯಲ್ಲಿ ಮೂರು ಕಮಾನು ಕಿಟಕಿ, ಕೆಳಗೆ ಬಾಗಿಲಿನ ಆಚೀಚೆ ಎರಡು ದೊಡ್ಡ ಗಾಜು, ಫುಟ್‌ಪಾತಿನ ಮೇಲೆ ಚಾಚಿದ ವೆರಾಂಡ. ಒಳಗೆ ಅಂಗಡಿಯ ಚಾವಣಿಗೆ ಹೂಬಳ್ಳಿ ಒತ್ತಿದ ತಗಡು. ಟ್ರೆಮೇನ್ ಸತ್ತ ಮೇಲೆ ಅದು ಟೋಪಿ ಅಂಗಡಿಯಾಯಿತು, ಆಮೇಲೆ ಹಾಲು, ಐಸ್‌ಕ್ರೀಮು ಮಾರುವ ಮಿಲ್ಕ್ ಬಾರ್, ಚಪ್ಪಲಿ ಅಂಗಡಿ, ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ, ಕೊನೆಗೆ ಬರೀ ಪಾರಿವಾಳ. ಇದೆಲ್ಲ ನನಗೆ ಬಾಯಿಪಾಠ, ಏಕೆಂದರೆ ಹೆರಿಟೇಜ್ ಎಂದುಕೊಂಡು ಬಂದವರೆಲ್ಲ ನನ್ನ ಅಂಗಡಿಯಲ್ಲಿ ನಿಂತು ನನಗೇ ಇದನ್ನು ಒಪ್ಪಿಸಿ ಹೋಗುತ್ತಾರೆ.

ಕ್ರೈಸ್ಟ್‌ಚರ್ಚಿನ ಭೂಕಂಪವಾದ ಮೇಲೆ ಸುತ್ತಮುತ್ತಲ ಊರುಗಳಲ್ಲೆಲ್ಲ ಇಟ್ಟಿಗೆ ಕಟ್ಟಡ ಎಂದರೆ ಜನ ಹಾವು ಕಂಡ ಹಾಗೆ ಹೆದರುತ್ತಿದ್ದರು. ಅಂಥ ಹೊತ್ತಿನಲ್ಲಿ ನಾವು ಇದನ್ನು ಕೊಂಡೆವು. ನಾವು ಎಂದೆನಲ್ಲ, ಅದು ತಪ್ಪು. ಹಾರೂನ್ ಕೊಂಡರು, ನಾನು ಸಹಿ ಹಾಕಿದೆ. ಶಿರಾದ ಪೇಟೆಬೀದಿಯಲ್ಲಿ ಅವರ ಅಜ್ಜನ ಬಟ್ಟೆ ಅಂಗಡಿಯೂ ಹೀಗೇ ಇತ್ತಂತೆ, ಕೆಳಗೆ ವ್ಯಾಪಾರ, ಮೇಲೆ ಮನೆ. “ಮಧ್ಯಾಹ್ನ ಊಟಕ್ಕೆ ಮೆಟ್ಲು ಹತ್ತಿದ್ರೆ ಆಯ್ತು. ಇಡೀ ನ್ಯೂಜಿಲೆಂಡಲ್ಲಿ ಇಂಥ ಮನೆ ಸಿಗುತ್ತಾ?” ಎನ್ನುತ್ತಿದ್ದರು. ಸಿಗುವುದಿಲ್ಲ, ಒಪ್ಪಿದೆ. ಇಂಥ ಚಳಿಯೂ ಬೇರೆಲ್ಲೂ ಸಿಗುವುದಿಲ್ಲ.

ಕರ್ಟನ್ ಅಂಗಡಿ ಇಟ್ಟೆವು. ಅವರು ಊರಿನವರ ಮನೆಗಳಿಗೆ ಹೋಗಿ ಕಿಟಕಿ ಅಳೆದು ಬರುತ್ತಾರೆ, ನಾನು ಹೊಲಿಯುತ್ತೇನೆ. ಊರಿನವರ ಕಿಟಕಿಗೆ ಎರಡು ಪದರದ ಗಾಜು, ಅದರ ಮೇಲೆ ನನ್ನ ಕೈಯಿಂದ ಹೊಲಿದ ದಪ್ಪ ಪರದೆ. ನನ್ನ ಕಿಟಕಿಗೆ ಎರಡನೇ ಗಾಜು ಹಾಕಿಸಬೇಕೆಂದರೆ ಹೆರಿಟೇಜ್. ಅಡುಗೆಮನೆಯ ಹೊಗೆ ಹೋಗಲು ಒಂದು ಫ್ಯಾನ್ ಹಾಕಿಸಬೇಕೆಂದರೆ ಕಮಾನು ಕೊರೆಯಬಾರದು, ಹೆರಿಟೇಜ್. ನಾನು ಮೇಲೆ ಒಗ್ಗರಣೆ ಹಾಕಿದರೆ ಕೆಳಗೆ ಲಿನನ್ ಬಟ್ಟೆಯ ಸುರುಳಿಯ ತನಕ ಸಾಸಿವೆ, ಬೆಳ್ಳುಳ್ಳಿ ವಾಸನೆ ಇಳಿಯುತ್ತದೆ. ಗಿರಾಕಿಗಳು ಮೂಗು ಅರಳಿಸಿ, ‘ಆಹಾ, ಎಷ್ಟು ಚೆನ್ನಾಗಿದೆ’ ಎಂದು ಹೇಳಿ, ಬೇರೆ ಬಟ್ಟೆ ಆರಿಸುತ್ತಾರೆ.

“ಬಿಟ್ಬಿಡೋಣ ರೀ. ರಿಕ್ಕರ್ಟನ್‌ನಲ್ಲಿ ನಿಲೋಫರ್ ಹತ್ರ ಒಂದು ಬೆಚ್ಚನೆ ಮನೆ ನೋಡ್ಕೊಳ್ಳೋಣ” ಎಂದು ನಾನು ಹೇಳದ ಚಳಿಗಾಲವಿಲ್ಲ. “ನೋಡೋಣ” ಎಂದು ಅವರು ಹೇಳದ ಚಳಿಗಾಲವೂ ಇಲ್ಲ.

ಹೀಗಿರುವಾಗ ಮೂರು ವರ್ಷದ ಹಿಂದೆ ಕೌನ್ಸಿಲ್‌ನವರು ಬಂದು ಬಾಗಿಲಿನ ಗಾಜಿಗೆ ಒಂದು ನೋಟಿಸು ಅಂಟಿಸಿದರು. ಕಿತ್ತಳೆ-ಕಪ್ಪು ಪಟ್ಟೆಯ ಅಂಚು, ದೂರದಿಂದಲೇ ಕಣ್ಣಿಗೆ ಹೊಡೆಯುವಂಥದ್ದು. ಈ ಕಟ್ಟಡ ಭೂಕಂಪವನ್ನು ತಡೆಯುವುದಿಲ್ಲ, ಮೂರು ವರ್ಷ ಕೊಟ್ಟಿದ್ದೇವೆ, ಅಂದರೆ ಈ ವರ್ಷದ ಫೆಬ್ರವರಿ ಮುಗಿಯುವುದರೊಳಗೆ ಗಟ್ಟಿ ಮಾಡಿಸಿ, ಇಲ್ಲವೇ ಖಾಲಿ ಮಾಡಿ. ಅಂದಿನಿಂದ ಗಿರಾಕಿಗಳು ಒಳಗೆ ಬಂದು ಒಮ್ಮೆ ಚಾವಣಿ ನೋಡಿ, ಬೇಗ ಬೇಗ ಮಾತು ಮುಗಿಸಿ ಹೋಗತೊಡಗಿದರು.

ಗಟ್ಟಿ ಮಾಡಿಸಲು ನಮಗೇನು ಬೇಡವೇ? ಇಂಜಿನಿಯರ್ ಬಂದು ನೋಡಿ, ನಿಜವಾದ ಅಪಾಯ ಇರುವುದು ಪ್ಯಾರಪೆಟ್‌ನಲ್ಲಿ ಎಂದ. ಅಂದರೆ ಟ್ರೆಮೇನ್ ತನ್ನ ಹೆಸರು ಮಾಡಿಸಿಕೊಂಡ ಆ ನೆತ್ತಿಯ ಗೋಡೆ. ಅದನ್ನು ಇಳಿಸಿ, ಅದೇ ಆಕಾರದಲ್ಲಿ ಹಗುರವಾಗಿ ಮತ್ತೆ ಕಟ್ಟಿ, ಹಿಂದಿನಿಂದ ಉಕ್ಕಿನ ಆಸರೆ ಕೊಡಬೇಕು. ಕೌನ್ಸಿಲ್‌ನ ಒಂದು ವಿಭಾಗದವರು ಇಳಿಸಿ ಎಂದರು. ಹೆರಿಟೇಜ್ ವಿಭಾಗದವರು ಮುಟ್ಟಬೇಡಿ ಎಂದರು. ಎರಡೂ ವಿಭಾಗ ಇರುವುದು ಒಂದೇ ಕಾರಿಡಾರಿನಲ್ಲಿ, ನಡುವೆ ಒಂದು ಕಾಫಿ ಮೆಷಿನ್ ಇದೆ, ನಾನೇ ಕಣ್ಣಾರೆ ನೋಡಿದ್ದೇನೆ. ಅವರಿಗೆ ಫೋನ್ ಮಾಡಿದರೆ ಇವರಿಗೆ ಕೊಡುತ್ತಾರೆ, ಇವರಿಗೆ ಮಾಡಿದರೆ ಅವರಿಗೆ ಕೊಡುತ್ತಾರೆ, ನಡುವೆ ಗಿಟಾರ್ ಕೇಳಿಸುತ್ತಾರೆ. ಇಂಥ ಕಟ್ಟಡಗಳ ಕಾನೂನನ್ನೇ ಸಡಿಲ ಮಾಡುತ್ತಾರಂತೆ ಎಂದು ಪೇಪರಿನಲ್ಲಿ ಬಂತು. ನಮ್ಮ ಬಾಗಿಲಿನ ನೋಟಿಸಿಗೆ ಆ ಸುದ್ದಿ ಮುಟ್ಟಿದ ಹಾಗೆ ಕಾಣಲಿಲ್ಲ.

ಕಾಡಿ ಬೇಡಿದ ಮೇಲೆ, ಈ ಜನವರಿಯಲ್ಲಿ, ಹೆರಿಟೇಜ್ ಕಮಿಟಿ ಖುದ್ದಾಗಿ ಬಂದು ನೋಡಲು ಒಪ್ಪಿತು. ಹೂಂ ಎಂದರೆ ಮರುವಾರವೇ ಕೆಲಸ ಶುರು, ಕಂಟ್ರಾಕ್ಟರ್ ಕಾದು ಕುಳಿತಿದ್ದ. ಉಹೂಂ ಎಂದರೆ ಅಂಗಡಿಯೂ ಹೋಯಿತು, ಮನೆಯೂ ಹೋಯಿತು. ಹೆರಿಟೇಜ್ ಅಧಿಕಾರಿ ಜೋಆನ್, ಇದ್ದವರಲ್ಲಿ ಅವಳೊಬ್ಬಳೇ ಮನುಷ್ಯರ ಹಾಗೆ ಮಾತಾಡುತ್ತಿದ್ದವಳು, ನನಗೆ ಫೋನ್ ಮಾಡಿ ಧೈರ್ಯ ಹೇಳಿದಳು. ನಿಮ್ಮ ಕಟ್ಟಡದ ಮುಂಭಾಗ ಚೆನ್ನಾಗಿ ಉಳಿದಿದೆ, ಅದೇ ನಿಮ್ಮ ಬಲ, ಅದನ್ನು ನೋಡಿದರೆ ಕಮಿಟಿ ಪ್ಯಾರಪೆಟ್ ವಿಷಯದಲ್ಲಿ ಸಡಿಲ ಬಿಡುತ್ತದೆ ಎಂದಳು. ಅದನ್ನು ನಾನು ಹಾರೂನ್‌ಗೆ ಒಂದೇ ಮಾತಿನಲ್ಲಿ ಹೇಳಿ ರಿಕ್ಕರ್ಟನ್ ಬಸ್ಸು ಹತ್ತಿದೆ: “ಅವರು ನಮ್ಮ ಮುಂಭಾಗ ನೋಡೋಕೇ ಬರ್ತಿರೋದು.”

ಬಿಡೋಣ ಬಿಡೋಣ ಎನ್ನುವವಳು ಇಷ್ಟೆಲ್ಲ ಯಾಕೆ ಒದ್ದಾಡಿದೆ ಎಂದು ನೀವು ಕೇಳಬಹುದು. ನಾನಾಗಿ ಬಿಟ್ಟು ಹೋಗುವುದು ಬೇರೆ, ಪರರು ಎಬ್ಬಿಸಿ ಕಳಿಸುವುದು ಬೇರೆ. ಮತ್ತೆ, ಹಾರೂನ್ ಆ ಮೆಟ್ಟಿಲು ಹತ್ತಿ ಊಟಕ್ಕೆ ಬರುವಾಗ ಅವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು.

“ಇಳೀರಿ ಕೆಳಗೆ,” ಎಂದೆ.

ಭೀಮಸೇನ ನನ್ನ ಮುಖ ನೋಡಿದವರೇ ಏಣಿ ಹಿಡಿದು ಮೊದಲು ಇಳಿದರು. “ಭಾಭಿ, ನಾ ಬರೇ ರೋಲರ್ ಹಿಡಿದಾಂವ. ಬಣ್ಣ ಆರಿಸಿದಾವ್ರು ನಿಮ್ಮ ಯಜಮಾನ್ರು” ಎಂದು, ಚಹಾ ಕೂಡ ಕೇಳದೆ ಕಾರು ಹತ್ತಿ ಹೊರಟುಹೋದರು.

ನಮ್ಮ ಮನೆಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ. ಇಬ್ಬರೂ ಶಿರಾದ ಕನ್ನಡ ಶಾಲೆಯಲ್ಲಿ ಓದಿದವರು. ನಿಲೋಫರ್ ಚಿಕ್ಕವಳಿದ್ದಾಗ ಅವಳಿಗೆ ತಿಳಿಯದಿರಲಿ ಎಂದು ಶುರುವಾದ ಅಭ್ಯಾಸ, ಅವಳು ಮನೆ ಬಿಟ್ಟ ಮೇಲೂ ಹೋಗಿಲ್ಲ. ಅವಳಿಗೆ ಎಲ್ಲ ತಿಳಿಯುತ್ತಿತ್ತು ಎಂಬುದು ಬೇರೆ ಮಾತು.

“ಯಾರನ್ನ ಕೇಳಿ ಬಳಿದ್ರಿ?”

“ಕೇಳೋದೇನು? ಮುಂಭಾಗ ನೋಡೋಕೆ ಬರ್ತಾರೆ ಅಂದವಳು ನೀನೇ. ಹೊಗೆ ಹಿಡಿದ ಗೋಡೆ, ಪಾರಿವಾಳದ ಹಿಕ್ಕೆ, ಹಂಗೇ ತೋರಿಸೋಕಾಗುತ್ತಾ? ಊರಲ್ಲಿ ರಂಜಾನ್‌ಗೆ ಒಂದು ಸಲ, ಬೀಗರು ಬರ್ತಾರೆ ಅಂದ್ರೆ ಇನ್ನೊಂದು ಸಲ, ಸುಣ್ಣ ಹೊಡೀದೆ ಬಿಟ್ಟಿದೀವಾ? ದೊಡ್ಡವರು ಬರೋವಾಗ ಗೋಡೆ ಹಂಗೇ ಬಿಟ್ರೆ ಅವರಿಗೆ ಮರ್ಯಾದೆ ಕೊಟ್ಟಂಗಾ?”

“ಇದು ಶಿರಾ ಅಲ್ಲ ರೀ!”

“ಎದುರಿಗಿನ ಹಳೇ ಬ್ಯಾಂಕ್ ಬಿಲ್ಡಿಂಗ್ ನೋಡು. ಅದೂ ಹೆರಿಟೇಜೇ. ಹೋದ್ ವರ್ಷ ಹಸಿರು ಬಣ್ಣ ಹೊಡೆದ್ರಲ್ಲ, ಯಾರಾದ್ರೂ ಏನಾದ್ರೂ ಅಂದ್ರಾ?”

“ಅದು ಸಿಮೆಂಟಿನ ಗೋಡೆ. ಕಟ್ಟಿದ ದಿನದಿಂದ ಬಣ್ಣ ಇತ್ತು. ಬಣ್ಣ ಇದ್ದಿದ್ದಕ್ಕೆ ಬಳೀಬಹುದು, ಬರೀ ಇಟ್ಟಿಗೆಗೆ ಬಳೀಬಾರದು. ಇದನ್ನ ನಾನು ಓದಿ ಹೇಳಿಲ್ವಾ?”

“ಮೊಳೆ ಹೊಡೀಬಾರ್ದು ಅಂದೆ. ಕಿಟಕಿ ಕೊರೀಬಾರ್ದು ಅಂದೆ. ಬೋರ್ಡ್ ಬದಲಾಯಿಸ್ಬಾರ್ದು ಅಂದೆ. ಬಣ್ಣದ ಮಾತು ಹೇಳ್ಲಿಲ್ಲ ಆಸಿಯಾ.”

ಹೇಳಿದ್ದೆನೋ ಇಲ್ಲವೋ, ನನಗೂ ಖಾತ್ರಿ ಇಲ್ಲ. ಈ ಕಟ್ಟಡದಲ್ಲಿ ಮಾಡಬಾರದ್ದು ಎಷ್ಟಿದೆಯೆಂದರೆ ಎಲ್ಲ ಹೇಳಲು ಉಸಿರು ಸಾಲದು. ಅವರ ಅಂಗಿಯ ತೋಳಿನ ತುಂಬ ಹಳದಿ ಚುಕ್ಕೆ. ಓಮರೂ ಕಲ್ಲಿನ ಪಟ್ಟಿಗಳನ್ನೂ ಬಿಟ್ಟಿರಲಿಲ್ಲ, ಅವುಗಳಿಗೆ ಬಿಳಿ ಬಳಿದಿದ್ದರು, ಒಂದು ಹನಿ ಆಚೀಚೆ ಹೋಗದ ಹಾಗೆ. ಟ್ರೆಮೇನ್‌ನ ಹೆಸರಿನ ಒಂದೊಂದು ಅಕ್ಷರಕ್ಕೂ ಸಣ್ಣ ಬ್ರಷ್ಷಿನಲ್ಲಿ ಕಂದು ಬಣ್ಣ ತುಂಬಿದ್ದರು. ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸವನ್ನು ನೋಡಿದಷ್ಟೂ ನನಗೆ ಮೈ ಉರಿಯಿತು. ಅರೆಬರೆ ಮಾಡಿದ್ದರೆ ಕ್ಷಮಿಸಬಹುದಿತ್ತೇನೋ.

ನಿಲೋಫರ್‌ಗೆ ಫೋನ್ ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡು, “ಮಮ್ಮೀ, ಜಸ್ಟ್ ಲೀವ್ ಇಟ್. ಟೆಲ್ ದೆಮ್ ದ ಟ್ರೂತ್. ಪ್ಲೀಸ್ ಡೋಂಟ್ ಟಚ್ ಎನಿಥಿಂಗ್” ಎಂದಳು. ಅವಳಿಗೇನು, ಬೆಚ್ಚನೆಯ ಮನೆಯಲ್ಲಿ ಕುಳಿತು ಹೇಳುತ್ತಾಳೆ ಎಂದುಕೊಂಡೆ.

ಆ ಹೊತ್ತಿಗೆ ಹಿಂದಿನ ಓಣಿಯ ಗ್ಯಾರೇಜಿನ ಗ್ರೆಗ್ ತನ್ನ ಯೂಟ್ ಗಾಡಿ ನಿಲ್ಲಿಸಿ, ತಲೆ ಹೊರಗೆ ಹಾಕಿ ಗೋಡೆಯನ್ನು ನೋಡಿ ಸಿಳ್ಳೆ ಹೊಡೆದ. ನನ್ನ ಕಷ್ಟ ಕೇಳಿ, ಇಷ್ಟೇನಾ, ಬಣ್ಣ ಇನ್ನೂ ಹಸಿಯಿದೆ, ನನ್ನ ವಾಟರ್ ಬ್ಲಾಸ್ಟರ್ ಹಿಂದೆಯೇ ಇದೆ, ನೋ ವರೀಸ್ ಎಂದ. ಜೋರಾಗಿ ನೀರು ಚಿಮ್ಮಿಸಿ ಟ್ರಾಕ್ಟರಿಗೆ ಅಂಟಿದ ಕೆಸರು ತೆಗೆಯುವ ಯಂತ್ರ ಅದು. ಪೈಪು ಸಿಕ್ಕಿಸಿ, ನಳಿಕೆ ಹಿಡಿಯುವುದು ಹೇಗೆಂದು ತೋರಿಸಿ, ಊಟಕ್ಕೆ ಹೊರಟುಹೋದ.

“ಬೇಡ ಆಸಿಯಾ,” ಎಂದರು ಹಾರೂನ್. “ಅದರ ಹೊಡೆತ ಜಾಸ್ತಿ. ಹಳೇ ಗೋಡೆ.”

“ಈಗ ನೆನಪಾಯ್ತಾ ಹಳೇ ಗೋಡೆ ಅಂತ?”

“ನಾಳೆ ನಾನೇ ಹೇಳ್ತೀನಿ ಅವರಿಗೆ. ತಿಳೀದೆ ಬಳಿದೆ ಅಂತೀನಿ. ಬಣ್ಣ ತಾನೇ?”

“ನೀವು ಹೇಳೋದು, ಅವರು ಕೇಳೋದು! ಸರಿಯಿರಿ ಆಚೆ.”

ಅವರು ಸರಿದರು. ಸ್ವಲ್ಪ ಹೊತ್ತು ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿ, ಅಕ್ಕಿ ತೊಳೆದಿಡುತ್ತೇನೆ ಎಂದು ಒಳಗೆ ಹೋದರು.

ಇಲ್ಲಿ ಜನವರಿ ಎಂದರೆ ಬೇಸಿಗೆ, ಸಂಜೆಯಾದರೂ ಬೆಳಕು ಇನ್ನೂ ಬೇಕಾದಷ್ಟಿತ್ತು. ಬಾಗಿಲಿನ ಎಡಗಡೆಯ ಇಟ್ಟಿಗೆ ಕಂಬದಿಂದ ಶುರು ಮಾಡಿದೆ. ನಳಿಕೆ ಒತ್ತಿದ ಕೂಡಲೇ ತೋಳು ಝುಮ್ಮೆಂದಿತು, ಹಳದಿ ಬಣ್ಣ ಹಾಲಿನ ಕೆನೆಯ ಹಾಗೆ ಸುಲಿದು ಕೆಳಗೆ ಹರಿಯಿತು. ಸುಖವಾಯಿತು. ಸುಳ್ಳು ಯಾಕೆ ಹೇಳಲಿ, ತುಂಬ ಸುಖವಾಯಿತು. ಮೂರು ವರ್ಷದಿಂದ ಫೋನಿನಲ್ಲಿ ಗಿಟಾರ್ ಕೇಳಿಸಿದವರ ಮೇಲೆ ನೀರು ಬಿಟ್ಟೆ. ನನ್ನ ಅಂಗಡಿಯಲ್ಲಿ ನಿಂತು ನನಗೆ ಚಾವಣಿಯ ಹೂಬಳ್ಳಿ ತೋರಿಸಿದವರ ಮೇಲೆ ಬಿಟ್ಟೆ. ಹಾಕಿಸಲಾಗದ ಫ್ಯಾನಿನ ಮೇಲೆ, ಜುಲೈ ತಿಂಗಳ ಚಳಿಯ ಬೆಳಗಿನಲ್ಲಿ ಕಿಟಕಿಯ ಒಳಬದಿಗೆ ಕಟ್ಟುವ ಮಂಜಿನ ಮೇಲೆ, ‘ನೋಡೋಣ’ ಎಂಬ ಮಾತಿನ ಮೇಲೆ. ಬಣ್ಣ ಹೋಗದಿದ್ದ ಕಡೆ ನಳಿಕೆಯನ್ನು ಇನ್ನೂ ಹತ್ತಿರ ಹಿಡಿದೆ. ಕಾಲಿನ ಬಳಿ ಹಳದಿ ನೀರು ಹೋಗಿ ಕೆಂಪು ನೀರು ಹರಿಯತೊಡಗಿತು. ಇಟ್ಟಿಗೆಯ ಕೊಳೆ ಎಂದುಕೊಂಡೆ. ಏಣಿ ಹತ್ತಲು ಧೈರ್ಯವಿರಲಿಲ್ಲ, ಕೈಗೆಟುಕುವಷ್ಟು ಎತ್ತರ, ಎರಡೂ ಕಂಬ, ಗಾಜಿನ ಕೆಳಗಿನ ಗೋಡೆ, ಎಲ್ಲವನ್ನೂ ತೊಳೆದು ಮುಗಿಸಿದೆ. ಒದ್ದೆ ಇಟ್ಟಿಗೆ ಹೊಸದರ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ನಾನು ಗೆದ್ದೆ ಎಂದುಕೊಂಡೇ ಮೆಟ್ಟಿಲು ಹತ್ತಿದೆ.

ಬೆಳಿಗ್ಗೆ ಗೋಡೆ ಒಣಗಿತ್ತು. ಹಾರೂನ್ ನನಗಿಂತ ಮೊದಲೇ ಎದ್ದು ಹೊರಗೆ ನಿಂತಿದ್ದರು. ಮೇಲಿನ ಅರ್ಧ ಹಳದಿ, ಕೆಳಗಿನ ಅರ್ಧ ಇಟ್ಟಿಗೆಯ ಬಣ್ಣವೂ ಅಲ್ಲ, ಏನೂ ಅಲ್ಲ. ಸಿಡುಬು ಬಂದು ಹೋದ ಮುಖದ ಹಾಗೆ ಗುಳಿ ಬಿದ್ದಿತ್ತು. ಹಳೆಯ ಇಟ್ಟಿಗೆಗೆ ಭಟ್ಟಿಯ ಬೆಂಕಿಯಲ್ಲಿ ಒಂದು ಗಟ್ಟಿ ಚರ್ಮ ಬಂದಿರುತ್ತದಂತೆ, ಒಳಗೆಲ್ಲ ಮೆತ್ತಗಂತೆ. ಆ ಚರ್ಮ ಹೋಗಿತ್ತು. ಇಟ್ಟಿಗೆಗಳ ನಡುವಿನ ಸುಣ್ಣದ ಗಾರೆ ಎಷ್ಟೋ ಕಡೆ ಇರಲೇ ಇಲ್ಲ. ಹಾರೂನ್ ಹೆಬ್ಬೆರಳಿನಿಂದ ಒಂದು ಇಟ್ಟಿಗೆಯನ್ನು ಮುಟ್ಟಿದರು. ಕುಂಕುಮದ ಹಾಗೆ ಪುಡಿ ಉದುರಿತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, “ಟೀ ಇಡು, ಅವರು ಬರೋ ಹೊತ್ತಾಯ್ತು” ಎಂದರು.

ಜೋಆನ್ ಮತ್ತು ಕಮಿಟಿಯ ಇಬ್ಬರು ಹಿರಿಯರು ಬಂದರು. ಜೋಆನ್ ಮೊದಲು ಮೇಲೆ ನೋಡಿ ಕಣ್ಣು ಮುಚ್ಚಿಕೊಂಡು ಉಸಿರು ಬಿಟ್ಟಳು. ಹಾರೂನ್ ಮುಂದೆ ಹೋಗಿ, ನೀವು ಬರುತ್ತೀರೆಂದು ಬಳಿದೆ, ತಪ್ಪಾಯಿತು, ತಿಳಿದಿರಲಿಲ್ಲ ಎಂದರು. ಅವಳಿಗೆ ಸಿಟ್ಟು ಬರಲಿಲ್ಲ. ಇಂಥದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಬಣ್ಣ ತೆಗೆಯಲು ಒಂದು ಲೇಪ ಇದೆ, ಹಚ್ಚಿ ಬಿಟ್ಟರೆ ನಿಧಾನವಾಗಿ ಬರುತ್ತದೆ, ಇಟ್ಟಿಗೆಗೆ ಏನೂ ಆಗುವುದಿಲ್ಲ, ಇದರಿಂದ ಇವತ್ತಿನ ತೀರ್ಮಾನಕ್ಕೆ ತೊಂದರೆಯಿಲ್ಲ ಎಂದಳು. ಕಮಿಟಿಯ ಮುದುಕರಲ್ಲಿ ಒಬ್ಬರು ನಕ್ಕು, ಅಕ್ಷರಗಳನ್ನು ಚೆನ್ನಾಗಿ ತುಂಬಿದ್ದೀರಿ ಎಂದೂ ಹೇಳಿದರು.

ಆಮೇಲೆ ಅವಳು ಕೆಳಗೆ ನೋಡಿದಳು. ಬಾಗಿಲಿನ ಕಂಬದ ಹತ್ತಿರ ಬಂದು ಬಗ್ಗಿ, ಎರಡು ಇಟ್ಟಿಗೆಗಳ ನಡುವೆ ಬೆರಳು ಇಟ್ಟಳು. ಬೆರಳು ಅರ್ಧದ ತನಕ ಒಳಗೆ ಹೋಯಿತು. ಅವಳ ಮುಖದಲ್ಲಿದ್ದ ಬಣ್ಣವೂ ಹೋಯಿತು.

“ಇಟ್ಟಿಗೆಯ ಚರ್ಮವೇ ಹೋಗಿದೆ, ಇದನ್ನು ಯಾರು ಮಾಡಿದ್ದು?” ಎಂದು ಕೇಳಿದಳು.

“ನಾನೇ,” ಎಂದರು ಹಾರೂನ್ ಇಂಗ್ಲಿಷಿನಲ್ಲಿ. “ಎರಡೂ ನಾನೇ.”

“ಸುಳ್ಳು ಯಾಕೆ ಹೇಳ್ತೀರಿ?” ಎಂದೆ ನಾನು ಕನ್ನಡದಲ್ಲಿ. “ನೀರು ಬಿಟ್ಟವಳು ನಾನು.”

“ಸುಮ್ನಿರು. ಇಬ್ಬರ ಹೆಸರೂ ಯಾಕೆ ಕೆಡಬೇಕು?”

“ನನ್ನ ಹೆಸರಿನ ಉಸಾಬರಿ ನಿಮಗ್ಯಾಕೆ? ಕೆಡಿಸಿಕೊಂಡವಳು ನಾನು, ಹೇಳ್ಕೊಳ್ಳೋಕೆ ಬರುತ್ತೆ ನಂಗೆ!”

“ಕೂಗಾಡಬೇಡ, ಅವರೆಲ್ಲ ನೋಡ್ತಿದಾರೆ.”

ನಿಮ್ಮ ಹೆಂಡತಿ ಏನು ಹೇಳುತ್ತಿದ್ದಾರೆ ಎಂದು ಜೋಆನ್ ಕೇಳಿದಳು. ಟೀ ಕುಡಿದೇ ಹೋಗಬೇಕು ಎನ್ನುತ್ತಿದ್ದಾಳೆ ಎಂದರು ಹಾರೂನ್. ಅಷ್ಟು ಹೊತ್ತಿಗೆ ನನ್ನ ತಲೆ ಕೆಟ್ಟಿತ್ತು. ಇಂಗ್ಲಿಷಿನಲ್ಲಿ, ನನಗೆ ಬಂದ ಇಂಗ್ಲಿಷಿನಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಬಣ್ಣ ಅವರದು, ನೀರು ನನ್ನದು, ಅವರು ಬೇಡ ಎಂದರೂ ನಾನೇ ಬಿಟ್ಟೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮೂರು ವರ್ಷದಲ್ಲಿ ನಿಮ್ಮಲ್ಲಿ ಒಬ್ಬರಾದರೂ ಮಹಡಿ ಹತ್ತಿ ನಾವು ಹೇಗಿದ್ದೇವೆ ಎಂದು ನೋಡಿದ್ದೀರಾ? ಇಟ್ಟಿಗೆಗೆ ಚರ್ಮ ಇದೆ ಎನ್ನುತ್ತೀರಿ, ನಮಗಿಲ್ಲವೇ? ಒಂದು ಫ್ಯಾನಿಗೆ ತೂತು ಬೇಡ ಎಂದಿರಿ, ಈಗ ನೋಡಿ ಎಷ್ಟು ತೂತು!

ನಕ್ಕಿದ್ದ ಮುದುಕರು ಬಹಳ ಸೌಜನ್ಯದಿಂದ, ಮಹಡಿಯ ಒಳಭಾಗ ನಮ್ಮ ವ್ಯಾಪ್ತಿಗೆ ಬರುವುದಿಲ್ಲಮ್ಮ ಎಂಬರ್ಥದ ಮಾತು ಹೇಳಿದರು. ಅವರ ಮೇಲೆ ಟೀ ಸುರಿಯದೆ ಇದ್ದದ್ದು ನನ್ನ ಪುಣ್ಯ.

ಇಂಥ ಸ್ಥಿತಿಯಲ್ಲಿರುವ ಗೋಡೆಯ ಮೇಲೆ ಪ್ಯಾರಪೆಟ್ ಇಳಿಸುವ ಕೆಲಸಕ್ಕೆ ಒಪ್ಪಿಗೆ ಕೊಡಲು ಬರುವುದಿಲ್ಲ ಎಂದಳು ಜೋಆನ್. ಕೆಳಗಿನ ಕಂಬ ಭಾರ ತಡೆಯುತ್ತದೆಯೋ ಇಲ್ಲವೋ ಎಂದು ಹಳೆಯ ಇಟ್ಟಿಗೆ ಬಲ್ಲವರು ಬಂದು ಪರೀಕ್ಷೆ ಮಾಡಬೇಕು. ಅಂಥವರು ಇಡೀ ದಕ್ಷಿಣ ದ್ವೀಪದಲ್ಲಿ ಕೈಬೆರಳೆಣಿಕೆಯಷ್ಟಿದ್ದಾರೆ, ಏಪ್ರಿಲ್‌ಗೆ ಮೊದಲು ಸಿಗುವುದಿಲ್ಲ. ಹಾಗಾದರೆ ನೋಟಿಸಿನ ಗಡುವು ಎಂದು ಹಾರೂನ್ ಕೇಳಿದರು. ಅದು ಆ ವಿಭಾಗದ್ದು, ನಾನು ಮಾತಾಡಿ ನೋಡುತ್ತೇನೆ ಎಂದಳು. ಅವಳು ಮಾತಾಡಿದ್ದೂ ನಿಜ. ಆ ವಿಭಾಗದವರು ಗಡುವು ಎಂದರೆ ಗಡುವು ಎಂದರು. ಬಾಗಿಲಿನ ಕಂಬವೇ ಹೀಗಾಗಿರುವುದರಿಂದ ಇನ್ನು ಮುಂದೆ ಗಿರಾಕಿಗಳನ್ನು ಒಳಗೆ ಬಿಡಬೇಡಿ ಎಂದು ಅದರ ಜೊತೆಗೆ ಇನ್ನೊಂದು ನೋಟಿಸು ಅಂಟಿಸಿ ಹೋದರು.

ರಿಕ್ಕರ್ಟನ್‌ನಲ್ಲಿ ಮಾಲ್ ಹಿಂದಿನ ರಸ್ತೆಯಲ್ಲಿ ಒಂದು ಮನೆ ಸಿಕ್ಕಿತು. ಎರಡು ಪದರದ ಗಾಜು, ಅಡುಗೆಮನೆಯಲ್ಲಿ ದೊಡ್ಡ ಫ್ಯಾನು, ಗೋಡೆಗೆ ಅಂಟಿದ ಹೀಟರು, ಮಗಳ ಮನೆಗೆ ನಡೆದು ಹೋಗುವಷ್ಟು ಹತ್ತಿರ. ನಿಲೋಫರ್ ಫೋಟೋ ಕಳಿಸಿದಳು. ಚೆನ್ನಾಗಿತ್ತು. ನಾನು ಹನ್ನೊಂದು ವರ್ಷ ಬಾಯಿ ನೋಯುವಷ್ಟು ಕೇಳಿದ ಮನೆ ಅದೇ ಥರದ್ದು. ಫೋಟೋ ನೋಡಿ ಫೋನನ್ನು ಕವುಚಿ ಇಟ್ಟೆ.

ಇಷ್ಟು ದಿನದಲ್ಲಿ ಹಾರೂನ್ ನನಗೆ ಒಂದು ಮಾತು ಅನ್ನಲಿಲ್ಲ. ಇಂಥ ಮನುಷ್ಯರ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಬಾಳಿದವರಿಗೇ ಗೊತ್ತು. ನಾನಾಗಿದ್ದರೆ ಬೆಳಿಗ್ಗೆ ಎದ್ದರೆ ಅದನ್ನೇ ಎತ್ತಿ ಆಡುತ್ತಿದ್ದೆ, ರಾತ್ರಿ ಮಲಗುವ ತನಕ ಬಿಡುತ್ತಿರಲಿಲ್ಲ, ಹಾಗೆ ಬೈದು ಬೈದು ಒಂದು ದಿನ ಮುಗಿದುಹೋಗುತ್ತಿತ್ತು. ಅವರು ಮಾತ್ರ ಉಪ್ಪು ಹೆಚ್ಚಾದರೂ ಚೆನ್ನಾಗಿದೆ ಎಂದರು, ನಾನು ಬೇಕೆಂದೇ ಪಾತ್ರೆ ಕುಕ್ಕಿದರೂ ತಿರುಗಿ ನೋಡಲಿಲ್ಲ. ಸಂಜೆಯ ಹೊತ್ತು ಹೊರಗೆ ಹೋಗಿ, ಉದುರಿದ ಕೆಂಪು ಪುಡಿಯನ್ನು ಫುಟ್‌ಪಾತಿನಿಂದ ಗುಡಿಸಿ ಬರುತ್ತಿದ್ದರು.

ಫೆಬ್ರವರಿಯ ಕೊನೆಯ ಶನಿವಾರ ಟ್ರಕ್ಕು ಬಂತು. ಭೀಮಸೇನ ಬಂದು ಹೊಲಿಗೆ ಮಿಷಿನ್ನುಗಳನ್ನೆಲ್ಲ ಟ್ರಕ್ಕಿಗೆ ಏರಿಸಿಕೊಟ್ಟು, ಮೊದಲ ಲೋಡಿನ ಜೊತೆ ಹೋದರು. ಅವರೂ ಆ ದಿನ ತಮಾಷೆ ಮಾಡಲಿಲ್ಲ. ಖಾಲಿ ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಹಾರೂನ್ ಉಳಿದ ಬಟ್ಟೆಯ ಸುರುಳಿಗಳಿಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಚ್ಚುತ್ತಿದ್ದರು. ನಾನು ತುದಿ ಹಿಡಿದುಕೊಂಡಿದ್ದೆ. ನನಗೆ ತಡೆಯಲಾಗಲಿಲ್ಲ.

“ಒಂದು ಸಲ ಬೈದ್ಬಿಡಿ ರೀ,” ಎಂದೆ.

“ಯಾಕೆ ಬೈಯ್ಯಲಿ?”

“ಯಾಕೆ ಅಂದ್ರೆ? ನಿಮ್ಮ ಮನೆ ಹೋಯ್ತಲ್ಲ, ಅದಕ್ಕೆ. ನಾನು ಮಾಡಿದ್ದಕ್ಕೆ.”

ಅವರು ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದು, ಅಂಟಿಸಿ, ಅದರ ಮೇಲೆ ಅಂಗೈ ಒತ್ತಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ.

“ನಿನಗೆ ಬೇಕಾಗಿದ್ದು ಆಯ್ತಲ್ಲ ಆಸಿಯಾ.”

ನಾನು ಹಿಡಿದಿದ್ದ ತುದಿಯನ್ನು ಬಿಟ್ಟೆ. ಸುರುಳಿ ಮೇಜಿನ ಮೇಲೆ ಒಂದು ಸುತ್ತು ಉರುಳಿತು. “ನಾನು ಬೇಕಂತ ಮಾಡಿದೆ ಅಂದ್ಕೊಂಡಿದೀರಾ?” ಎಂದು ಕೇಳಿದೆ. “ಇಲ್ಲಿಂದ ಹೋಗೋಕೆ ಅಂತ ನಾನು ಗೋಡೆ ಕೆಡಿಸಿದೆ ಅಂತಾನಾ? ಅದಕ್ಕೇನಾ ಅವರ ಮುಂದೆ ನಿಮ್ಮ ಮೇಲೆ ಹಾಕ್ಕೊಳ್ಳೋಕೆ ಹೋಗಿದ್ದು?”

ಹಾರೂನ್ ಸುರುಳಿಯನ್ನು ಹಿಡಿದು ನಿಲ್ಲಿಸಿದರು. ನನ್ನನ್ನು ನೋಡಲಿಲ್ಲ.

“ಇಲ್ಲ, ಇಲ್ಲ ಅಂತ ದಿನಾ ಅಂದ್ಕೊಳ್ತಾನೇ ಇದೀನಿ,” ಎಂದರು.

ಅಷ್ಟು ಹೇಳಿ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ನಾವೀಗ ರಿಕ್ಕರ್ಟನ್‌ಗೆ ಬಂದು ಚಳಿಗಾಲವೂ ಶುರುವಾಗಿದೆ, ಮನೆ ಬೆಚ್ಚಗಿದೆ. ಆ ನಳಿಕೆಯನ್ನು ಗೋಡೆಗೆ ಅಷ್ಟು ಹತ್ತಿರ ಯಾಕೆ ಹಿಡಿದೆ ಎಂದು ಕೇಳಿಕೊಂಡಾಗಲೆಲ್ಲ, ಬಣ್ಣ ಹೋಗಲಿ ಎಂದು, ಬರೀ ಬಣ್ಣ ಹೋಗಲಿ ಎಂದು, ನಾನೂ ದಿನಾ ಅಂದುಕೊಳ್ಳುತ್ತಲೇ ಇದ್ದೇನೆ.